ನೀರು ಮಾತ್ರ ಕೇಳಬೇಡಿ

ಸುವಾರ್ತೆ ಸಾರಲು ವಿಜಯಪುರದಿಂದ ಹೊರಡುವಾಗ ಇಸ್ತ್ರಿ ಮುರಿಯದ ಅಂಗಿ ಹಾಕಿ. ಜೇಬು ದೊಡ್ಡದಿರಲಿ, ಕರಪತ್ರ ತುರುಕಬೇಕು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಅಂಗಿ ತೊಟ್ಟು, 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದರು. ಆದರೂ ಅವರು ಮೆಲ್ಲಗೆ ಮಾತಾಡಿದರೆ ಸಾವಿರಾರು ಜನ ಉಸಿರು ಬಿಗಿಹಿಡಿದು ಕೂಡುತ್ತಿದ್ದರು. ಅದೆಲ್ಲ ಅವರಿಗೆ ಸರಿ. ನೀವು ಮೈಕ್ ಒಯ್ಯಿರಿ.

ತಿಕೋಟಾಕ್ಕೆ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಾಗಲೇ ಹೋಗಿ. ಶೆಡ್ಡಿನಲ್ಲಿ ಹಣ್ಣು ಒಣಹಾಕಿದ ದಿನ ಮೋಡ ಕವಿದಿದ್ದರೆ ಇನ್ನೂ ಒಳ್ಳೆಯದು. ರೈತ ಹೇಗೂ ಆಕಾಶ ನೋಡುತ್ತಿರುತ್ತಾನೆ, ಪರಲೋಕದ ಮಾತು ಎತ್ತಲು ಸಲೀಸು. ಕತ್ತರಿ ಮುಟ್ಟಬೇಡಿ, ಬುಟ್ಟಿ ಎತ್ತಬೇಡಿ. ಯೇಸು ತನ್ನನ್ನು ದ್ರಾಕ್ಷಿಬಳ್ಳಿಗೆ ಹೋಲಿಸಿಕೊಂಡಿದ್ದಾನಲ್ಲ, ಯೋಹಾನನ 15ನೆಯ ಅಧ್ಯಾಯ? ಬಳ್ಳಿ ಕತ್ತರಿಸುವುದರ ಮರ್ಮವನ್ನು ಮೂವತ್ತು ವರ್ಷ ತೋಟ ಮಾಡಿದವನಿಗೇ ಬಿಡಿಸಿ ಹೇಳಿ.

ಬರಗಾಲದಲ್ಲಿ ಸಾಲ ತಂದು, ಟ್ಯಾಂಕರ್ ನೀರು ಹಾಕಿಸಿ ಬಳ್ಳಿ ಉಳಿಸಿಕೊಂಡವನು ಸಿಕ್ಕರೆ ಬಿಡಬೇಡಿ. ಮೊದಲ ಮಾತೇ ಇದಾಗಿರಲಿ: ನಿನ್ನ ದುಡಿಮೆಯಿಂದ ಏನೂ ಆಗುವುದಿಲ್ಲ. ಬಸವಣ್ಣನ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. ಕಾಯಕವನ್ನೇ ಪೂಜೆ ಎಂದುಕೊಂಡ ನೆಲವಾದ್ದರಿಂದ ಪೆಟ್ಟು ಸರಿಯಾದ ಜಾಗಕ್ಕೇ ಬೀಳುತ್ತದೆ. ಆತ ಮಗನ ಬ್ಯಾಂಕ್ ಸಾಲದ ಸುದ್ದಿ ತೆಗೆದರೆ ಕೇಳುತ್ತ ಕೂಡಬೇಡಿ. ಉತ್ತರ ಆಗಲೇ ನಿಮ್ಮ ಜೇಬಿನಲ್ಲಿದೆ.

ಭಾಷೆಯ ಗೋಜಿಗೆ ಹೋಗಬೇಡಿ. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದವರು. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಕಲಿಸಲು ಬಂದು ನಲವತ್ತು ವರ್ಷ ಕಲಿಯುತ್ತ ಕೂತ ಪಾದ್ರಿಯನ್ನು ಮಾದರಿ ಮಾಡಿಕೊಂಡರೆ ನಿಮ್ಮ ವರದಿ ಯಾವಾಗ ಹೋಗಬೇಕು? ಬಬಲೇಶ್ವರಕ್ಕೆ ಎರಡು ತಾಸು ಸಾಕು, ಐದರ ಬಸ್ಸಿಗೆ ವಾಪಸಾಗಿ.

ಕಡೆಯದು, ಎಲ್ಲಕ್ಕಿಂತ ಮುಖ್ಯ. ಬಬಲೇಶ್ವರದಲ್ಲಿ ಯಾವುದಾದರೂ ಮನೆಯ ಮುದುಕಿ ಕರೆದೇ ಕರೆಯುತ್ತಾಳೆ: "ಬರ್ರಿ, ಕೂಡ್ರಿ. ಬಿಸಲಾಗ ಬಂದೀರಿ, ಒಂದ ರೊಟ್ಟಿ ತಿಂದ ಹೋಗ್ರಿ." ಒಲ್ಲೆ ಎನ್ನಿ. ನೀವು ಕೊಡಲು ಬಂದವರು, ಕೈಯೊಡ್ಡಲು ಅಲ್ಲ. ಸಮಾರ್ಯದ ಬಾವಿಯ ಹತ್ತಿರ ಯೇಸು ಪರಜಾತಿಯ ಹೆಂಗಸಿಗೆ ನೀರು ಕೇಳಿಯೇ ಮಾತು ಶುರು ಮಾಡಿದ. ಓದುವಾಗ ಆ ಸಾಲನ್ನು ಹಾರಿಸಿಬಿಡಿ. ಚೀಲದಿಂದ ನಿಮ್ಮದೇ ಬಾಟಲಿ ತೆಗೆದು, ಅಂಗಳದಲ್ಲಿ ನಿಂತು, ಆಕೆಯ ಎದುರಿಗೇ ಕುಡಿಯಿರಿ.

ಆಕೆಯ ಎರಡೂ ಕೈಯಲ್ಲಿ ತುಂಬಿದ ಚರಗಿ ಇರುತ್ತದೆ. ಕರಪತ್ರವನ್ನು ಕಟ್ಟೆಯ ಮೇಲಿಟ್ಟು, ಹಾರಿಹೋಗದಂತೆ ಒಂದು ಕಲ್ಲು ಹೇರಿ ಬನ್ನಿ.