ಕೊಲೆಸ್ಟರಾಲ್ ಹಂಚಿಕೆ: ಮನೆಬಳಕೆಯ ಕೈಪಿಡಿ

ಲಿಪಿಡ್ ಪ್ರೊಫೈಲ್ ಕೈಗೆ ಬಂದ ದಿನವೇ ಇದನ್ನು ಓದಿ. ರಿಪೋರ್ಟಿನಲ್ಲಿರುವ ಅಂಕಿ ರಕ್ತದಲ್ಲಿ ಓಡಾಡುತ್ತಿರುವ ಸರಕಿನದು ಮಾತ್ರ. ಅಸಲು ದಾಸ್ತಾನು ಇರುವುದು ಜೀವಕೋಶಗಳ ಪೊರೆಯಲ್ಲಿ. ಉಪಕರಣ ಹುಟ್ಟಿನ ಜೊತೆಗೇ ಫಿಟ್ ಆಗಿ ಬಂದಿದೆ. ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕ್ ಸುತ್ತಬೇಡಿ.

1. ಜೋಡಣೆ: ಕೋಶದ ಹೊರಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಅದರ ಕೊಬ್ಬಿನ ಅಣುಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಕೊಲೆಸ್ಟರಾಲ್. ಬನಶಂಕರಿಯ ಅಡುಗೆಮನೆಯಲ್ಲಿ ತುಪ್ಪ ಡಿಸೆಂಬರಿಗೆ ಹರಳುಗಟ್ಟುತ್ತದೆ, ಏಪ್ರಿಲ್‌ಗೆ ನೀರಾಗುತ್ತದೆ. ಪೊರೆಗೆ ಎರಡೂ ಆಗದು. ಅಣುಗಳ ಸಂದಿಯಲ್ಲಿ ನುಗ್ಗಿ ಕೂತ ಕೊಲೆಸ್ಟರಾಲ್ ಅದನ್ನು ಹದದಲ್ಲಿಡುತ್ತದೆ.

2. ತಯಾರಿಕೆ: ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲವೇ ಅಡುಗೆಮನೆ. ತಯಾರಿಸುವುದು ಅದೇ ಆದರೂ ಅದರ ಪೊರೆಯಲ್ಲಿ ಉಳಿಯುವುದು ಶೇ. 5ರ ಆಸುಪಾಸು. ಎಲ್ಲರಿಗೂ ದೋಸೆ ಹುಯ್ದು ಕೊನೆಗೆ ಕೂರುವ ಅಮ್ಮನ ತಟ್ಟೆ ನೋಡಿದವರಿಗೆ ಆಶ್ಚರ್ಯವಾಗದು. ಇದು ದೋಷವಲ್ಲ, ಮೀಟರು. ಐದಕ್ಕಿಂತ ಇಳಿದರೆ ಒಲೆ ಹೊತ್ತುತ್ತದೆ, ಏರಿದರೆ ಆರುತ್ತದೆ.

3. ಸಾಗಣೆ: ಜೆ.ಪಿ. ನಗರದ ಮೂವತ್ತು-ನಲವತ್ತು ಅಡಿಯ ಒತ್ತೊತ್ತು ಸೈಟುಗಳಲ್ಲಿ ಕಿಟಕಿಯಿಂದ ಕಿಟಕಿಗೆ ಸಾರಿನ ಡಬ್ಬಿ ದಾಟಿಸಿದ್ದೀರಲ್ಲ? ಅಡುಗೆಮನೆಯ ಪೊರೆಯೂ ಗಾಲ್ಜಿ ಎಂಬ ಪಕ್ಕದ ಮನೆಯ ಪೊರೆಯೂ ಅಷ್ಟೇ ಹತ್ತಿರ ಬರುವ ಕಡೆ ಓಎಸ್‌ಬಿಪಿ ಎಂಬ ಪ್ರೋಟೀನು ಕೊಲೆಸ್ಟರಾಲ್ ದಾಟಿಸುತ್ತದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂಬುದು ಅದಕ್ಕೂ ಗೊತ್ತು: ಬರುವಾಗ ಪಿಐ4ಪಿ ಎಂಬ ಬೇರೊಂದು ಕೊಬ್ಬು ತುಂಬಿಕೊಂಡೇ ಬರುತ್ತದೆ. ಈ ಕೊಡು-ಕೊಳ್ಳುವಿಕೆ ನಿಂತರೆ ಸಾಗಣೆಯೂ ಕುಂಟುತ್ತದೆ.

4. ಹೊರಪೊರೆಯಲ್ಲಿ ಆಸನ ವ್ಯವಸ್ಥೆ: ಗಾಲ್ಜಿ ದಾಟಿ ಸರಕು ತಲುಪುವ ಹೊರಪೊರೆಯಲ್ಲಿ ಎಲ್ಲವೂ ಸಮನಾಗಿ ಹರಡಿರುತ್ತದೆಂದು ಎಣಿಸಬೇಡಿ. ಊರಿನ ಆ ತುದಿ, ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ತೋರಿಸಿಕೊಟ್ಟಂತೆ, ಕೊಬ್ಬಿನ ಕೊಕ್ಕೆಯಿಂದ ಪೊರೆಗೆ ಸಿಕ್ಕಿಕೊಂಡಿರುವ ಕೆಲವು ಪ್ರೋಟೀನುಗಳು 70 ನ್ಯಾನೊಮೀಟರಿಗೂ ಚಿಕ್ಕ ಗುಂಪುಗಳಲ್ಲಿರುತ್ತವೆ. ಕೊಲೆಸ್ಟರಾಲ್ ತೆಗೆದರೆ, ಪಾರ್ಕಿನ ಕಲ್ಲುಬೆಂಚು ಕಿತ್ತಾಗ ಹರಟೆಯ ಗುಂಪು ಚದುರುವಂತೆ ಅವೂ ಚದುರುತ್ತವೆ.

5. ತೊಂದರೆ ನಿವಾರಣೆ: ರಸ್ತೆಯಲ್ಲಿ, ಅಂದರೆ ರಕ್ತದಲ್ಲಿ, ಸರಕು ಜಾಸ್ತಿಯಾಗಿ ಡಾಕ್ಟರು ಸ್ಟ್ಯಾಟಿನ್ ಬರೆದರೆ ವಾದ ಬೇಡ. ಆ ಮಾತ್ರೆ ಯಕೃತ್ತಿನ ಒಲೆ ಸಣ್ಣ ಮಾಡುತ್ತದೆ. ಮೀಟರು ಇಳಿದದ್ದು ಕಂಡ ಕೋಶ ಹೊರಪೊರೆಯ ಬಾಗಿಲುಗಳನ್ನು, ಅಂದರೆ ಗ್ರಾಹಕ ಪ್ರೋಟೀನುಗಳನ್ನು, ಹೆಚ್ಚಿಸಿ, ರಕ್ತದಿಂದ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಹೊತ್ತ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಈ ಬಾಗಿಲನ್ನು ಪತ್ತೆ ಮಾಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರ ನೊಬೆಲ್ ಸಿಕ್ಕಿತು. ಪಾರ್ಕಿನ ವಾಕಿಂಗ್ ಗೆಳೆಯರು "ಕೊಲೆಸ್ಟರಾಲ್ ಅಂದ್ರೇನೇ ವಿಷ ಸಾರ್" ಎಂದರೆ ನಕ್ಕು ಮುಂದೆ ನಡೆಯಿರಿ; ನಡಿಗೆ ನಿಲ್ಲಿಸಬೇಡಿ.

6. ನಿರ್ವಹಣೆ: ಒಳಗಿನ ಹಂಚಿಕೆಯನ್ನು ಕೋಶವೇ ನೋಡಿಕೊಳ್ಳುತ್ತದೆ. ನೀವು ಮಾಡಬೇಕಾದ್ದು ಇಷ್ಟೇ: ಪಕ್ಕದ ಮನೆಯವರ ಡಬ್ಬಿ ಇನ್ನೂ ನಿಮ್ಮ ಶೆಲ್ಫಿನಲ್ಲಿದ್ದರೆ ಇವತ್ತೇ ತೊಳೆದು, ಏನಾದರೂ ತುಂಬಿ, ಕಿಟಕಿ ದಾಟಿಸಿ.