ಪೆದ್ದ ಸಸಿ

ಬಚ್ಚಲ ನೀರು ಕುಡಿದೇ ಬೆಳೆದ ನಮ್ಮ ಹಿತ್ತಲ ಏಲಕ್ಕಿ ಬಾಳೆ ಮೊದಲ ಸಲ ಗೊನೆ ಹಾಕಿದಾಗ ನಾನು ಸ್ಕೇಲು ಹಿಡಿದು ಹೋದೆ. ಕೆಟ್ಟದ್ದೇ ಅಲ್ಲಿ. ಅಳೆಯದಿದ್ದರೆ ಕಾಯಿ ಚಿಕ್ಕದು ಅನ್ನಿಸುತ್ತಲೇ ಇರಲಿಲ್ಲ.

"ಏಲಕ್ಕಿ ಬಾಳೆ ಕಣೋ ಅದು, ಒನಕೆ ಗಾತ್ರ ಬಿಡುತ್ಯೇ?" ಅಂದರು ಅಮ್ಮ.

ತೋಟ ಇರುವ ಗೆಳೆಯ ಮಾತ್ರ ಧೈರ್ಯ ತುಂಬಿದ. "ಜೀಎ ಹೊಡಿ. ವಿಜಯಪುರದ ಕಡೆ ದ್ರಾಕ್ಷಿ ದಪ್ಪ ಆಗೋದು ಸುಮ್ಮನೇನಾ?" ಜೀಎ ಅಂದರೆ ಗಿಬ್ಬರೆಲಿಕ್ ಆಮ್ಲ. ಜಪಾನಿನ ಗದ್ದೆಗಳಲ್ಲಿ ಒಂದು ಬೂಸ್ಟು ತಗುಲಿದ ಭತ್ತದ ಸಸಿ ಇದ್ದಕ್ಕಿದ್ದಂತೆ ಸೊರಗಿ ಸೊರಗಿ ಉದ್ದವಾಗಿ, ಕೊನೆಗೆ ಮುಗ್ಗರಿಸುತ್ತಿತ್ತಂತೆ. ರೈತರು ಅದಕ್ಕೆ ಇಟ್ಟ ಹೆಸರು 'ಬಕಾನೆ', ಪೆದ್ದ ಸಸಿ. ಆ ಉದ್ದಕ್ಕೆ ಬೂಸ್ಟು ಸುರಿಸುವ ರಸವೇ ಕಾರಣ ಅಂತ 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಹೆಸರಿನಲ್ಲೇ ಎಚ್ಚರಿಕೆ ಇತ್ತು. ನಾನು ಅದು ಸಸಿಗೆ ಹೇಳಿದ್ದು ಅಂದುಕೊಂಡೆ.

ಪುಡಿ ಒಂದು ಗ್ರಾಂ, ಬಿಳಿ. ಗೆಳೆಯನ ಲೆಕ್ಕ 50 ಪಿಪಿಎಂ, ಅಂದರೆ ಲೀಟರ್ ನೀರಿಗೆ 50 ಮಿಲಿಗ್ರಾಂ. ನಮ್ಮ ಅಡುಗೆಮನೆ ತಕ್ಕಡಿಗೆ ಸಾಸಿವೆಯೇ ಕಾಣುವುದಿಲ್ಲ. ಚಿನ್ನದಂಗಡಿಗೆ ಹೋದೆ. ಚಿಟಿಕೆ ಬಿಳಿ ಪುಡಿಯ ಪೊಟ್ಟಣ ಬಿಚ್ಚಿ "ಇದರಲ್ಲಿ 50 ಮಿಲಿಗ್ರಾಂ ತೂಗಿ ಕೊಡಿ" ಅಂದಾಗ ಆತ ತಕ್ಕಡಿ ನೋಡಲಿಲ್ಲ, ಬಾಗಿಲು ನೋಡಿದ.

"ಏನ್ ಸಾರ್ ಇದು?"

"ಬಾಳೆಗೊನೆಗೆ."

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಸಾರ್?" ಅನ್ನುತ್ತಲೇ ತೂಗಿಕೊಟ್ಟ. ದುಡ್ಡು ಮುಟ್ಟಲಿಲ್ಲ.

ಪುಡಿ ನೇರ ನೀರಿನಲ್ಲಿ ಸರಿಯಾಗಿ ಕರಗದು, ಮೊದಲು ತುಸು ಸ್ಪಿರಿಟ್ಟಿನಲ್ಲಿ ಕದಡಬೇಕು. ಮೆಡಿಕಲ್ ಶಾಪಿನಿಂದ ಸೀಸೆ ತಂದು ಹಿತ್ತಲಲ್ಲಿ ಕದಡುತ್ತಿದ್ದೆ. ಮನೆಯವಳು ಕಿಟಕಿಯಲ್ಲಿ ಮೂಗು ಅರಳಿಸಿ ನಿಂತಳು. ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಸ್ಟೂಲು ಹತ್ತಿ, ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಗೊನೆಗೆ ಹೊಡೆದೆ. ವಾರ ಬಿಟ್ಟು ಮತ್ತೊಮ್ಮೆ, ಇನ್ನೊಮ್ಮೆ. ಸಂಜೆ ಗಾಳಿ ಇತ್ತು. ಗೊನೆಯ ಕೆಳಗೇ ತುಳಸಿಕಟ್ಟೆ ಇತ್ತು. ಇವೆರಡನ್ನೂ ಒಟ್ಟಿಗೆ ಯೋಚಿಸುವ ಬುದ್ಧಿ ನನಗಿರಲಿಲ್ಲ.

ತಿಂಗಳಾಯಿತು. ಸ್ಕೇಲು ಹಿಡಿದು ಹೋದೆ. ಕಾಯಿ ಬೆಳೆದಿತ್ತು, ಆದರೆ ಅಷ್ಟು ದಿನದಲ್ಲಿ ಪುಡಿ ಇಲ್ಲದೆಯೂ ಬೆಳೆಯುತ್ತಿತ್ತು. ತುಳಸಿ ಮಾತ್ರ ಗೆಣ್ಣಿಗೂ ಗೆಣ್ಣಿಗೂ ಗೇಣು ಅಂತರ ಬಿಟ್ಟು, ಒಂಟಿ ಕಡ್ಡಿಯಾಗಿ, ತುದಿಯಲ್ಲಿ ನಾಲ್ಕು ಬಿಳಿಚಿದ ಎಲೆ ಇಟ್ಟುಕೊಂಡು ನಿಂತಿತ್ತು. ಅಮ್ಮ ಅದಕ್ಕೊಂದು ಕೋಲು ನೆಟ್ಟು, ಸೀರೆ ಅಂಚಿನ ದಾರ ಕಟ್ಟಿದರು. ದೀಪ ಹಚ್ಚಿ ಕೈ ಮುಗಿಯುವಾಗ ಕತ್ತೆತ್ತಿ ನೋಡಬೇಕಾಯಿತು.

ಗೊನೆ ಬಲಿತಾಗ ಹಣ್ಣು ಮಾಡಲೂ ಔಷಧ ಬರುತ್ತೆ, ಎಥಿಲೀನ್ ಬಿಡುಗಡೆ ಮಾಡುವಂಥದ್ದು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಗೊನೆಯನ್ನು ಖಾಲಿ ಅಕ್ಕಿ ಡ್ರಮ್ಮಿಗೆ ಇಳಿಸಿ, ನಾಲ್ಕು ಊದುಬತ್ತಿ ಹಚ್ಚಿಟ್ಟು, ಗೋಣಿಚೀಲ ಮುಚ್ಚಿಯಾಗಿತ್ತು. ಹೊಗೆಯಲ್ಲಿರುವುದೂ ಅದೇ ಎಥಿಲೀನ್. ಅಮ್ಮನಿಗೆ ಪಿಪಿಎಂ ಗೊತ್ತಿಲ್ಲ. ಮೂರೇ ದಿನಕ್ಕೆ ಹಣ್ಣಾಯಿತು.

ಒಂದು ಚಿಪ್ಪು ಕೊಡಲು ಪಕ್ಕದ ಮನೆಯವರನ್ನು ಕರೆದೆ. ಹಣ್ಣನ್ನು ಅವರು ನೋಡಲೇ ಇಲ್ಲ.

"ಇಷ್ಟೆತ್ತರ ತುಳಸಿ ನೋಡೇ ಇಲ್ಲ ಸಾರ್. ಯಾವ ಜಾತಿ? ಬೀಜ ಕೊಡ್ತೀರಾ?"

ಕೊಟ್ಟೆ. ಪುಡಿ ಕೊಡಲಿಲ್ಲ.