ಯಾವ ಕೋಣೆಯ ಉಷ್ಣತೆ?

ವೈನಿನ ಬಗ್ಗೆ ಬರೆದ ಯಾವ ಪುಸ್ತಕ ತೆರೆದರೂ ಒಂದು ಮಾತು ತಪ್ಪದೆ ಸಿಗುತ್ತದೆ: ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು. ಬರೆದ ಪುಣ್ಯಾತ್ಮರಲ್ಲಿ ನನ್ನದೊಂದೇ ವಿನಂತಿ, ಯಾವ ಕೋಣೆ ಅಂತ ಸ್ವಲ್ಪ ಬಿಡಿಸಿ ಹೇಳಿ. ಏಪ್ರಿಲ್ ತಿಂಗಳಲ್ಲಿ ಕೊಪ್ಪಳದ ನಮ್ಮ ಆರ್‌ಸಿಸಿ ಮನೆಯ ಪಡಸಾಲೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿರುತ್ತದೆ. ಹೊರಗೆ 40 ಡಿಗ್ರಿ. ಆ ಕೋಣೆಯ ಉಷ್ಣತೆಗೆ ಬಂದ ವೈನನ್ನು ಕುಡಿಯುವುದಕ್ಕಿಂತ ಅದಕ್ಕೆ ಚಹಾಪುಡಿ ಹಾಕಿ ಸೋಸುವುದು ವಾಸಿ.

ಪುಸ್ತಕದವರು ಹೇಳುವ ಕೋಣೆ ಹಳೆಯ ಯುರೋಪಿನ ಕಲ್ಲಿನ ಮನೆಯದು. ಅಲ್ಲಿ 16ರಿಂದ 18 ಡಿಗ್ರಿ. ನಮ್ಮಲ್ಲಿ ಅಷ್ಟಕ್ಕಿಳಿದರೆ ಹಿರಿಯರು ಕಿವಿಗೆ ಮಫ್ಲರ್ ಸುತ್ತಿಕೊಂಡು ಕೆಂಡ ಹುಡುಕುತ್ತಾರೆ. ಹಾಗಾಗಿ ನಮ್ಮ ಮನೆಯ ಲೆಕ್ಕ ಬೇರೆ. ಕೆಂಪು ವೈನನ್ನು ಕುಡಿಯುವ ಮುಂಚೆ ಅರ್ಧ ತಾಸು ಫ್ರಿಜ್ಜಿನಲ್ಲಿಡುವುದು, ಬಿಳಿಯದನ್ನು ಮೊದಲೇ ಅಲ್ಲಿಟ್ಟು 8ರಿಂದ 12 ಡಿಗ್ರಿಯ ತಂಪಿನಲ್ಲಿ ಬಗ್ಗಿಸುವುದು. ಫ್ರಿಜ್ಜಿನಿಂದ ತೆಗೆದು ಪಡಸಾಲೆ ದಾಟುವಷ್ಟರಲ್ಲೇ ಅದು ಎರಡು ಡಿಗ್ರಿ ಏರಿರುತ್ತದೆ. ಆ ಸೇವೆ ನಮ್ಮೂರಿನ ಬಿಸಿಲು ಪುಕ್ಕಟೆ ಮಾಡಿಕೊಡುತ್ತದೆ.

ಆದರೆ ಫ್ರಿಜ್ಜಿನ ಒಡೆತನ ನಮ್ಮ ಮನೆಯವರದು. ಮೊಸರಿನ ಪಾತ್ರೆಗೂ ಕೊತಂಬರಿ ಕಟ್ಟಿಗೂ ನಡುವೆ ಅಡ್ಡ ಮಲಗಿದ ಬಾಟಲಿ ಕಂಡ ದಿನ ವಿಚಾರಣೆ ನಡೆಯಿತು.

“ಇದೇನ್ರೀ, ನಿಂದರಸೂದು ಬಿಟ್ಟು ಮಲಗಿಸೀರಿ?”

“ಬಿರಡಿ ಒಣಗಬಾರದು ಅಂತ.”

“ಮನಿಗೆ ಬಂದವ್ರಿಗೆ ಮಲಗಾಕ ಜಾಗ ಇಲ್ಲ, ಬಾಟ್ಲಿಗೆ ಹಾಸಿಗಿ!”

ಅವರ ಮಾತಿನಲ್ಲಿ ನ್ಯಾಯವಿತ್ತು, ನನ್ನ ಮಾತಿನಲ್ಲಿ ವಿಜ್ಞಾನವಿತ್ತು. ಬಾಟಲಿ ಮಲಗಿದರೆ ವೈನು ಬಿರಡೆಗೆ ತಾಗಿ ಅದು ಹಸಿಯಾಗಿರುತ್ತದೆ. ನಿಂತೇ ಇದ್ದರೆ ಒಣಗಿ, ಕುಗ್ಗಿ, ಸಂದಿನಿಂದ ಗಾಳಿ ಒಳಗೆ ನುಸುಳಿ ರುಚಿ ಕೆಡಿಸುತ್ತದೆ. ತಿರುಪಿನ ಮುಚ್ಚಳದ ಬಾಟಲಿಗೆ ಈ ರಗಳೆಯಿಲ್ಲ, ಅದು ನಿಂತರೂ ಸರಿ, ಮಲಗಿದರೂ ಸರಿ. ತಿಂಗಳುಗಟ್ಟಲೆ ಇಡುವುದಾದರೆ ಮಾತ್ರ 12-13 ಡಿಗ್ರಿ, ಕತ್ತಲೆ, ಅಲುಗಾಟವಿಲ್ಲದ ಮೂಲೆ, ಇಷ್ಟೂ ಬೇಕು. ಫ್ರಾನ್ಸಿನವರು ಇದಕ್ಕೆಂದೇ ನೆಲಮಾಳಿಗೆ ಕಟ್ಟಿಕೊಂಡಿದ್ದಾರೆ ಎಂದು ಓದಿದಾಗ ನನಗೆ ನಗು ಬಂತು. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಹಿರಿಯರು ಜೋಳ ಇಡುತ್ತಿದ್ದ ಹಗೇವು ಇನ್ನೇನು? ನೆಲದಾಳಕ್ಕೆ ತೋಡಿದ ಗುಂಡಿ. ಬೆಳಕಿಲ್ಲ, ಗಾಳಿಯಿಲ್ಲ, ಮೇಲೆ ಬಿಸಿಲು ಕುಣಿದರೂ ಒಳಗಿನ ಕಾಳಿಗೆ ಸುದ್ದಿ ಮುಟ್ಟುವುದಿಲ್ಲ. ಹಗೇವು ತೆರೆದ ಕೂಡಲೇ ಇಳಿಯಬಾರದು ಎಂದು ಅಜ್ಜ ಹೇಳುತ್ತಿದ್ದ. ಮೊದಲು ದೀಪ ಇಳಿಬಿಡಬೇಕು. ಅದು ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ ಎಂದರ್ಥ. ದ್ರಾಕ್ಷಿ ಹುದುಗುವಾಗಲೂ ಸಕ್ಕರೆ ಮದ್ಯವಾಗುತ್ತ ಅಂಥದೇ ಗಾಳಿ, ಇಂಗಾಲದ ಡೈಆಕ್ಸೈಡ್, ಹೊರಬರುತ್ತದೆ. ಫ್ರಾನ್ಸಿನ ನೆಲಮಾಳಿಗೆಗಳಿಗೂ ಮೇಣದಬತ್ತಿ ಹಿಡಿದೇ ಇಳಿಯುತ್ತಿದ್ದರಂತೆ. ಈಗ ಹಗೇವುಗಳೆಲ್ಲ ಮುಚ್ಚಿವೆ. ನಮ್ಮ ಬಾಟಲಿಗಳು ಮಂಚದ ಕೆಳಗಿನ ಟ್ರಂಕಿನಲ್ಲಿ ಕಂಬಳಿ ಹೊದ್ದು ಮಲಗುತ್ತವೆ.

ಬಿರಡೆಯ ವಿಷಯ ಬಂತಲ್ಲ. ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಮುಖ ಮಾಡಿ ಎಷ್ಟು ಕಾಲ ನಿಂತಿತ್ತೋ ಏನೋ, ಅಂಥ ಬಾಟಲಿಯೊಂದು ನಮ್ಮ ಮನೆಗೆ ಬಂತು. ತಿರುಪು ಒತ್ತಿ ಎಳೆದೆ. ಅರ್ಧ ಬಿರಡೆ ಕೈಗೆ ಬಂತು, ಉಳಿದರ್ಧ ಪುಡಿಯಾಗಿ ವೈನಿನೊಳಗೆ ತೇಲಿತು. ಮನೆಯವರು ಮಾತಾಡದೆ ಚಹಾ ಸೋಸುವ ಜರಡಿಯನ್ನೂ ಸ್ಟೀಲ್ ತಂಬಿಗೆಯನ್ನೂ ಮುಂದಿಟ್ಟರು. ಎಳೆಯ ಕೆಂಪು ವೈನಿಗೆ ಗಾಳಿ ತಾಗಿದರೆ ಒಗರು ಮೆತ್ತಗಾಗುತ್ತದೆಂದು ಬಲ್ಲವರು ಸ್ಫಟಿಕದ ಹೂಜಿಗೆ ಬಗ್ಗಿಸುತ್ತಾರೆ. ತಂಬಿಗೆಯೂ ಆ ಕೆಲಸವನ್ನು ಚೊಕ್ಕಟವಾಗಿ ಮಾಡಿತು.

ಇನ್ನು ಮೂಸುವುದು. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಗಿಟ್ಟರೆ ಬ್ಲ್ಯಾಕ್‌ಕರಂಟ್ ಪರಿಮಳ ಬರಬೇಕಂತೆ. ಆ ಹಣ್ಣನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನನಗೆ ಸಿಕ್ಕಿದ್ದು ನೇರಳೆ ಹಣ್ಣು, ಅದರ ಹಿಂದೆ ಮೊದಲ ಮಳೆ ಬಿದ್ದ ಎರೆಹೊಲ. ಕಣ್ಣು ಮುಚ್ಚಿ ಇದನ್ನು ಅನುಭವಿಸುತ್ತಿರುವಾಗ ಪಕ್ಕದ ಮನೆಯ ಕಾಕಾ ಕಟ್ಟೆಯ ಮೇಲಿಂದ ಕೇಳಿದರು: “ಮಾಸ್ತರ, ನೆಗಡಿ ಆಗೇತೇನು?”

ಕಾಕಾಗೆ ಗೊತ್ತಿಲ್ಲದ್ದೇನೆಂದರೆ, ಈ ವೈನಿನ ದ್ರಾಕ್ಷಿಬಳ್ಳಿ ನಮ್ಮ ಮಣ್ಣಿಗೂ ಇಳಿದಿದೆ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕೊಪ್ಪಳ ಜಿಲ್ಲೆಯ ಗುಡ್ಡಗಳ ನಡುವೆ ಕೃಸ್ಮಾ ತೋಟ ಮಾಡಿ ಕ್ಯಾಬರ್ನೆ ಸೋವಿನ್ಯೋ, ಸಾಂಜೊವೇಸೆ ತಳಿಗಳನ್ನು ಬೆಳೆದರು. ಇಬ್ಬರೂ ಏಳು ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಗಂಗಾವತಿ ಬಸ್ಸಿಗೆ ಓಡಿದರೇ ಏದುಸಿರು ಬಿಡುವ ನನಗೆ ಅವರ ವೈನಿಗಿಂತ ಕಾಲಿನ ಮೇಲೆ ಭಕ್ತಿ ಹೆಚ್ಚು. ಚಳಿದೇಶದಲ್ಲಿ ಬಳ್ಳಿ ಹಿಮಗಾಲಕ್ಕೆ ತಾನೇ ನಿದ್ದೆ ಹೋಗುತ್ತದೆ. ಇಲ್ಲಿ ಅದಕ್ಕೆ ಕಣ್ಣು ಮುಚ್ಚಲು ಪುರುಸೊತ್ತಿಲ್ಲ. ಅದಕ್ಕೇ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿ ಕತ್ತರಿಸುತ್ತಾರೆ: ಬೇಸಿಗೆಯಲ್ಲಿ ಕಡ್ಡಿಗಾಗಿ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ. ಬಿಸಿಲು ಬಲಿಯುವ ಮುಂಚೆ ಕೊಯ್ಲು. ರಾಜ್ಯ ಸರ್ಕಾರವೂ ಹಿಂದೆ ಬೀಳದೆ 2007ರಲ್ಲಿ ವೈನಿಗೇ ಒಂದು ನೀತಿ ಮಾಡಿತು.

ದ್ರಾಕ್ಷಿ ನಮಗೆ ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪೇಟೆಯ ದರ ಬರೆದಿಟ್ಟಿದ್ದಾನೆ: ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಇಲ್ಲವೇ ಹತ್ತು ದಾಳಿಂಬೆ. ದಾಳಿಂಬೆಯ ಆ ದರ ಇವತ್ತು ಕುಷ್ಟಗಿಯ ಬೆಳೆಗಾರರ ಕಿವಿಗೆ ಬಿದ್ದರೆ ಅವನನ್ನು ಹೊಳೆ ದಾಟಲು ಬಿಡುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1112ರಲ್ಲಿ ನಮ್ಮ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಕಟ್ಟಿಸಿದ ದಂಡನಾಯಕನ ಒಡೆಯ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ. ಅವನ ಮಗ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನವನ್ನೂ ರಾಜವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಈ ಆಧಾರವನ್ನು ಮನೆಯವರ ಮುಂದಿಟ್ಟೆ. “ಅವ್ರು ರಾಜರು, ನಿಮ್ಮದು ಪಗಾರ” ಎಂದರು.

ಊಟದ ಜೊತೆ ಯಾವುದು ಎಂಬುದಕ್ಕೂ ಪುಸ್ತಕದಲ್ಲಿ ಕೋಷ್ಟಕವಿದೆ. ಎಣ್ಣೆಗಾಯಿಯ ಹೆಸರಿಲ್ಲ, ಮಿರ್ಚಿ ಭಜಿಯ ಸುಳಿವಿಲ್ಲ. ಖಾರದ ಮೇಲೆ ಒಗರಿನ ಕೆಂಪು ವೈನು ಕುಡಿದರೆ ನಾಲಗೆ ಇನ್ನಷ್ಟು ಉರಿಯುತ್ತದೆ. ತಣ್ಣಗಿನ ಬಿಳಿಯದು ತನ್ನ ಹುಳಿಯಿಂದ ಭಜಿಯ ಎಣ್ಣೆ ತೊಳೆದು ಮುಂದಿನ ಭಜಿಗೆ ದಾರಿ ಮಾಡುತ್ತದೆ. ಅದರಲ್ಲಿ ಚೂರು ಸಿಹಿಯಿದ್ದರೆ ಎಣ್ಣೆಗಾಯಿಗೂ ಹೊಂದುತ್ತದೆ.

ಇಷ್ಟೆಲ್ಲ ಕಲಿತು ಗಂಗಾವತಿಯ ಬೀಗರಿಗೆ ವೈನು ಕೊಟ್ಟೆ. ಪರಿಮಳಕ್ಕೆ ಜಾಗ ಬೇಕೆಂದು ಗ್ಲಾಸಿನ ಮೂರರಲ್ಲೊಂದು ಪಾಲು ಬಗ್ಗಿಸಿದರೆ ಅವರ ಮುಖ ಸಣ್ಣದಾಯಿತು. “ಬಾಟ್ಲಿ ಮುಗದೈತೇನ್ರೀ ಬೀಗರ?” ಭತ್ತದ ಸೀಮೆಯವರು, ತಾಟಿನಲ್ಲಿ ಅನ್ನ ಗುಡ್ಡೆಯಾಗಿರದಿದ್ದರೆ ಅದು ಉಪಚಾರವೇ ಅಲ್ಲ. ತುಂಬಿಸಿದೆ. ಐಸ್ ಕೇಳಿದರು, ಅದನ್ನೂ ಹಾಕಿದೆ. ಪುಸ್ತಕ ಬರೆದವರು ನೋಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಆದರೆ ಅವರು ಮೇ ತಿಂಗಳಲ್ಲಿ ಕೊಪ್ಪಳಕ್ಕೆ ಬಂದವರಲ್ಲ, ಬೀಗರನ್ನು ಸಂಭಾಳಿಸಿದವರಂತೂ ಅಲ್ಲವೇ ಅಲ್ಲ. ಬೀಗರು ಗಂಟಲು ತಂಪಾಗಿ “ಚಲೋ ಐತ್ರೀ” ಎಂದರು. ಆ ಪ್ರಶಸ್ತಿ ನನಗೆ ಸಾಕು.

ತೆರೆದ ಬಾಟಲಿಯ ಬಾಯಿ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನಕ್ಕೆ ಮೋಸವಿಲ್ಲ. ಆಮೇಲೆ ಹುಳಿ ಹಿಡಿಯತೊಡಗುತ್ತದೆ. ನಮ್ಮಲ್ಲಿ ಹೀಗೊಮ್ಮೆ ಮರೆತುಹೋದದ್ದು ಪೂರ್ತಿ ವಿನೆಗರ್ ಆಗಿತ್ತು. ಮನೆಯವರು ಅದಕ್ಕೆ ಉಪ್ಪು ಸೇರಿಸಿ ಹೆಚ್ಚಿದ ಉಳ್ಳಾಗಡ್ಡಿ ನೆನೆಹಾಕಿ ರೊಟ್ಟಿಯ ಪಕ್ಕ ಬಡಿಸಿದರು. ಎರಡು ಸಲ ಹಾಕಿಸಿಕೊಂಡು ತಿಂದೆ. “ಮುಂದಿನ ಸಲ ಇನ್ನೊಂದ್ ನಾಕ್ ದಿನ ಮರೀರಿ” ಎಂದರು.